ಊರಿನ ಹೆಸರು ಹೊತ್ತ ನೀಲಿ ಬಟ್ಟೆ

ಬಟ್ಟೆಗೆ ಊರಿನ ಹೆಸರು ಅಂಟಿಕೊಳ್ಳುವುದು ನಮಗೇನೂ ಹೊಸದಲ್ಲ. ಇಳಕಲ್ ಎಂದೊಡನೆ ಸೀರೆ ಕಣ್ಣಿಗೆ ಕಟ್ಟುತ್ತದೆ. ಮೊಳಕಾಲ್ಮೂರು ಎಂದೊಡನೆ ರೇಷ್ಮೆ. ಆದರೆ ಇಂದು ಮನೆಮನೆಯ ಹಗ್ಗದ ಮೇಲೆ ಒಣಗುವ ಡೆನಿಮ್ ಎಂಬ ದಪ್ಪ ನೀಲಿ ಬಟ್ಟೆಯ ಹೆಸರಿನಲ್ಲಿಯೂ ಒಂದು ಊರು ಅಡಗಿದೆಯೆಂದರೆ ಎಷ್ಟು ಜನ ನಂಬುವರು? ಇದೇನು ಪರದೇಶದ ವೇಷವೆಂದು ಹಿರಿಯರು ಮೂಗು ಮುರಿಯುವುದೂ, ಮಕ್ಕಳು ಅದನ್ನೇ ಬೇಡುವುದೂ ನಮ್ಮ ಮನೆಗಳಲ್ಲಿ ನಿತ್ಯದ ಮಾತು. ಹಾಗಾದರೆ ಈ ಬಟ್ಟೆ ನಿಜವಾಗಿ ಯಾರದು? ವಿಚಾರಿಸಿ ನೋಡೋಣ.

ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ನೀಮ್ ಎಂಬ ಪಟ್ಟಣವಿದೆ. ಅಲ್ಲಿಯ ನೀರಿನ ಬುಗ್ಗೆಯೊಂದರ ದೇವತೆ ನೆಮಾಸಸ್. ಊರಿಗೂ ಅದೇ ಹೆಸರು. ರೋಮನ್ನರ ಕಾಲದಲ್ಲಿ ಊರು ಬೆಳೆಯಿತು. ತಾಳೆಯ ಮರಕ್ಕೆ ಸರಪಳಿಯಿಂದ ಕಟ್ಟಿದ ಮೊಸಳೆಯ ಚಿತ್ರವನ್ನು ಅಲ್ಲಿಯ ನಾಣ್ಯದ ಮೇಲೆ ಅಚ್ಚೊತ್ತಿದರು. ಈಜಿಪ್ಟ್ ರೋಮಿನ ವಶವಾದುದರ ಗುರುತು ಅದು. ಇಂದಿಗೂ ಆ ಪಟ್ಟಣದ ಲಾಂಛನ.

ಊರು ದೊಡ್ಡದಾದಂತೆ ಬುಗ್ಗೆಯ ನೀರು ಸಾಲದಾಯಿತು. ಸುಮಾರು 50 ಕಿಲೋಮೀಟರ್ ಉದ್ದದ ಕಾಲುವೆ ಕಟ್ಟಿದರು. ಮೊದಲಿನಿಂದ ಕೊನೆಯವರೆಗೆ ಅದರ ಇಳಿಜಾರು 12 ಮೀಟರಿಗಿಂತ ತುಸು ಹೆಚ್ಚು; ಅಂದರೆ ಸರಾಸರಿ ಕಿಲೋಮೀಟರಿಗೆ ಒಂದು ಗೇಣು! ದಾರಿಯಲ್ಲಿ ಗಾರ್ಡೊಂ ನದಿಯನ್ನು ದಾಟಿಸಲು ಕಟ್ಟಿದ ಮೂರು ಅಂತಸ್ತಿನ ಕಮಾನುಗಳ ಸೇತುವೆ ಸುಮಾರು 49 ಮೀಟರ್ ಎತ್ತರಕ್ಕೆ ಈಗಲೂ ನಿಂತಿದೆ. ಪಟ್ಟಣದ ನಡುವಿನ ಕ್ರೀಡಾಂಗಣದಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಕೂಡಬಹುದಾಗಿತ್ತು. ಸಾಮ್ರಾಜ್ಯ ಅಳಿದ ಮೇಲೆ ಅದರ ಒಳಗೇ ಜನ ಮನೆ ಕಟ್ಟಿಕೊಂಡು ಶತಮಾನಗಳ ಕಾಲ ಸಂಸಾರ ನಡೆಸಿದರು.

ಅಲ್ಲಿ ಎಲ್ಲಕ್ಕಿಂತ ಸೋಜಿಗದ್ದು ‘ಮೇಸೊಂ ಕಾರೆ’ ಎಂಬ ದೇವಾಲಯ. 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಮುಂಭಾಗದ ಕಂಚಿನ ಅಕ್ಷರಗಳು ಎಂದೋ ಬಿದ್ದುಹೋಗಿದ್ದವು. 1758ರಲ್ಲಿ ಸೆಗಿಯೆ ಎಂಬ ವಿದ್ವಾಂಸನು ಅಕ್ಷರಗಳನ್ನು ಬಿಗಿದಿದ್ದ ಮೊಳೆಗಳ ತೂತುಗಳನ್ನೇ ಎಣಿಸಿ, ಹೊಂದಿಸಿ, ಅಳಿದ ಬರಹವನ್ನು ಓದಿದನು. ಅದು ಚಕ್ರವರ್ತಿ ಆಗಸ್ಟಸನ ಮೊಮ್ಮಕ್ಕಳಾದ ಗೈಯಸ್ ಮತ್ತು ಲೂಸಿಯಸರಿಗೆ ಅರ್ಪಿಸಿದ ಗುಡಿ ಎಂಬುದು ಹಾಗೆ ತಿಳಿಯಿತು.

ಡೆನಿಮ್ ಎಂಬ ಮಾತನ್ನೂ ಹಾಗೆಯೇ ತೂತುಗಳಿಂದ ಓದಬೇಕಾಗಿದೆ. 17ನೆಯ ಶತಮಾನದ ಹೊತ್ತಿಗೆ ನೀಮ್ ನೇಕಾರರ ಊರಾಗಿತ್ತು. ಅಲ್ಲಿಯ ಸರ್ಜ್ ಬಟ್ಟೆಗೆ ‘ಸರ್ಜ್ ದ ನೀಮ್’, ಅಂದರೆ ನೀಮಿನ ಸರ್ಜ್, ಎಂದು ಹೆಸರು. ಇಂಗ್ಲಿಷರ ಬಾಯಲ್ಲಿ ‘ದ ನೀಮ್’ ಡೆನಿಮ್ ಆಯಿತು ಎನ್ನುತ್ತಾರೆ. ಆದರೆ ಒಂದು ತೊಡಕಿದೆ: ಆ ಸರ್ಜ್ ಉಣ್ಣೆ, ರೇಷ್ಮೆಗಳದ್ದು, ಇಂದಿನ ಡೆನಿಮ್ ಹತ್ತಿಯದು. ಆದ್ದರಿಂದ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಸರಿನ ವಂಶ ಒಂದು, ನೂಲಿನ ವಂಶ ಇನ್ನೊಂದು ಇದ್ದೀತು. ಜೀನ್ಸ್ ಎಂಬ ಮಾತಾದರೂ ಇಟಲಿಯ ಜಿನೋವಾ ಬಂದರಿನ ಹೆಸರಿನಿಂದ ಬಂದದ್ದು.

ಮುಂಬಯಿಯ ವಾಚಕರಿಗೆ ಇನ್ನೊಂದು ಸಂಗತಿ. ಕೂಲಿಗಳ ಇಂಥ ಉಡುಪಿಗೆ ಇಂಗ್ಲಿಷಿನಲ್ಲಿ ಡಂಗರೀಸ್ ಎನ್ನುವರಷ್ಟೆ. ಆ ಮಾತು ನಮ್ಮ ಡೋಂಗ್ರಿಯದೇ! ಅಲ್ಲಿ ಮಾರುತ್ತಿದ್ದ ಒರಟು ಹತ್ತಿ ಬಟ್ಟೆಗೆ ಆ ಹೆಸರು ಬಂದಿತ್ತು. ಇನ್ನು ಬಣ್ಣದ ಮಾತು. ಇಂಡಿಗೋ ಎಂಬುದರ ಮೂಲಾರ್ಥವೇ ‘ಇಂಡಿಯಾದ್ದು’ ಎಂದು. ಆ ನೀಲಿಗಾಗಿ ನಮ್ಮ ರೈತರು ಪಟ್ಟ ಬವಣೆಗೆ 1917ರ ಚಂಪಾರಣವೇ ಸಾಕ್ಷಿ. 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದ ಮೇಲೆ ಗಿಡದ ನೀಲಿ ಹಿಂದೆ ಸರಿಯಿತು.

ಡೆನಿಮ್ಮಿನಲ್ಲಿ ಹಾಸು ನೀಲಿ, ಹೊಕ್ಕು ಬಿಳಿ, ನೇಯ್ಗೆ ಓರೆಯದು. ನೀಲಿ ನೂಲಿನ ತಿರುಳಿಗೆ ಇಳಿಯದೆ ಮೇಲೆಯೇ ನಿಲ್ಲುವುದರಿಂದ, ಮೈ ಬಾಗಿದಲ್ಲಿ, ಮಂಡಿ ಮಡಿಸಿದಲ್ಲಿ ಬಣ್ಣ ಮೊದಲು ಸವೆಯುತ್ತದೆ. ಅಮೆರಿಕದ ರೀನೋ ಪಟ್ಟಣದಲ್ಲಿ ಕೂಲಿಯೊಬ್ಬನ ಹೆಂಡತಿ, ತನ್ನ ಗಂಡನಿಗೆ ಬೇಗ ಹರಿಯದ ಷರಾಯಿ ಬೇಕೆಂದು ದರ್ಜಿ ಜೇಕಬ್ ಡೇವಿಸನನ್ನು ಕೇಳಿದಳು. ಅವನು ಕಿಸೆಯ ಮೂಲೆಗಳಿಗೆ ತಾಮ್ರದ ರಿವೆಟ್ಟು ಬಡಿದುಕೊಟ್ಟನು. ತನಗೆ ಬಟ್ಟೆ ಮಾರುತ್ತಿದ್ದ ಲೀವೈ ಸ್ಟ್ರಾಸನೊಡನೆ ಕೂಡಿ, 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದನು. ಡೇವಿಸ್ ರೀಗಾದಿಂದ ಹೋದವನು, ಸ್ಟ್ರಾಸ್ ಬವೇರಿಯಾದಿಂದ. ಇಬ್ಬರೂ ಹೊಟ್ಟೆಪಾಡಿಗೆ ಊರು ಬಿಟ್ಟವರು.

ಹೀಗೆ ನೋಡಿದರೆ, ಪರದೇಶಿ ಎಂದು ನಾವು ದೂರುವ ಬಟ್ಟೆಯಲ್ಲಿ ಎಲ್ಲ ದೇಶದವರ ದುಡಿಮೆಯೂ ಕೂಡಿದೆ. ನಮ್ಮಂಥ ಗುಮಾಸ್ತರಿಗೆ ಗೊತ್ತು, ಹೊರನಾಡಿನ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರೂ ಊರಿನ ಹೆಸರೂ ಏನೇನು ರೂಪ ತಾಳುತ್ತವೆಂದು. ಪರರ ಬಾಯಲ್ಲಿ ಹೆಸರು ತಿರುಚಿದರೂ ನೀಮ್ ಮಾತ್ರ ಪೂರ್ತಿ ಅಳಿಯಲಿಲ್ಲ. ಮುಂದೆ ಮಕ್ಕಳು ಆ ನೀಲಿ ಷರಾಯಿಯನ್ನು ತೊಟ್ಟು ಹೊರಟಾಗ ಗದರುವ ಬದಲು, ಅದರಲ್ಲಿರುವ ಊರುಗಳ ಹೆಸರನ್ನು ಹೇಳಿಕೊಡೋಣ. ಅದರ ಜೊತೆಗೆ ನಮ್ಮ ಊರಿನ ಹೆಸರನ್ನೂ, ಸರಿಯಾದ ಉಚ್ಚಾರದಲ್ಲಿ.