ಪೀಪಾಯಿ ಹಳತು, ಬಳೆ ಹೊಸತು

ಹಳೆಯ ಸಾಮಾನು ಕೊಂಡವರಿಗೆಲ್ಲ ಗೊತ್ತಿರುವ ಮಾತೊಂದಿದೆ: ಸಾಮಾನು ಅಗ್ಗ, ಅದರಲ್ಲಿ ಇಲ್ಲದ್ದು ತುಟ್ಟಿ. ಸೈಕಲ್ಲಿಗೆ ಬೆಲ್ ಇರುವುದಿಲ್ಲ, ಮಿಕ್ಸಿಗೆ ಮುಚ್ಚಳ ಇರುವುದಿಲ್ಲ. ಹೇಗೋ ಸುಧಾರಿಸಿಕೊಳ್ಳುತ್ತೇವೆ. ಆದರೆ ಒಳಗೆ ಒತ್ತಡ ತುಂಬಿಕೊಳ್ಳುವ ಪಾತ್ರೆಯಲ್ಲಿ ಒಂದು ಚಿಕ್ಕ ಭಾಗ ಕಾಣೆಯಾಗಿದ್ದರೆ ‘ಹೇಗೋ’ ಎಂಬ ಮಾತು ನಡೆಯದು. ಅಮೆರಿಕದ ಮನೆಗಳಲ್ಲಿ ಬಿಯರ್ ತಯಾರಿಸುವ ಹವ್ಯಾಸಿಗಳು ಬಳಸುವ ‘ಕೆಗ್’ ಎಂಬ ಉಕ್ಕಿನ ಪೀಪಾಯಿ ಇದಕ್ಕೆ ಒಳ್ಳೆಯ ಉದಾಹರಣೆ. ಬಿಯರ್ ಎಂದೊಡನೆ ಪಾಲಕರು ಹುಬ್ಬು ಗಂಟಿಕ್ಕಬೇಕಿಲ್ಲ. ಇಲ್ಲಿನ ಪಾಠವೆಲ್ಲ ಪಾತ್ರೆಗೆ ಸಂಬಂಧಿಸಿದ್ದು.

ಸೋಡಾದಿಂದ ಬಿಯರಿಗೆ

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಕೊನೆಗೊಂಡರೂ ಮನೆಯಲ್ಲಿ ಬಿಯರ್ ತಯಾರಿಸಲು ಕೇಂದ್ರ ಕಾನೂನಿನ ಒಪ್ಪಿಗೆ ಇರಲಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ಸ್ವಂತ ಬಳಕೆಗಾಗಿ ಅದಕ್ಕೆ ಅವಕಾಶ ಕೊಟ್ಟಿತು. ಎಲ್ಲ ರಾಜ್ಯಗಳೂ ಒಪ್ಪಿಕೊಳ್ಳಲು 2013ರವರೆಗೆ ಕಾಯಬೇಕಾಯಿತು. (ನಮ್ಮ ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂಬುದನ್ನು ಇಲ್ಲಿಯೇ ಹೇಳಿಬಿಡೋಣ.)

ಈ ಹವ್ಯಾಸಿಗಳಿಗೆ ಪೀಪಾಯಿ ಒದಗಿಸಿದ್ದು ತಂಪುಪಾನೀಯದ ಕಂಪನಿಗಳು. ಹೋಟೆಲುಗಳಿಗೆ ಸಿಹಿ ಪಾಕ ಸಾಗಿಸಲು ಅವು ಸುಮಾರು 19 ಲೀಟರಿನ, ತುಕ್ಕು ಹಿಡಿಯದ ಉಕ್ಕಿನ ಪೀಪಾಯಿಗಳನ್ನು ಬಳಸುತ್ತಿದ್ದವು. ಮುಂದೆ ರಟ್ಟಿನ ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ ಚೀಲ ಇಟ್ಟು ಪಾಕ ಕಳಿಸುವ ಪದ್ಧತಿ ಬಂತು. ಮೂಲೆ ಸೇರಿದ ಪೀಪಾಯಿಗಳು ಅಗ್ಗಕ್ಕೆ ಮಾರಾಟವಾದವು. ಕೆಲವಕ್ಕೆ ಮುಚ್ಚಳವಿರಲಿಲ್ಲ, ಕೆಲವಕ್ಕೆ ಕವಾಟವಿರಲಿಲ್ಲ. ರಬ್ಬರಿನ ಬಳೆಗಳಂತೂ ಹಳೆಯ ಪಾಕದ ವಾಸನೆ ಹೀರಿಕೊಂಡಿದ್ದವು.

ಒಳಗೆ ಏನೇನಿದೆ?

ಪೀಪಾಯಿಯ ರಚನೆ ಸರಳ. ತಲೆಯ ಮೇಲೆ ಎರಡು ಮೂತಿಗಳು. ಒಂದರಿಂದ ಇಂಗಾಲದ ಡೈಆಕ್ಸೈಡ್ ಅನಿಲ ಒಳಕ್ಕೆ, ಇನ್ನೊಂದರಿಂದ ಪಾನೀಯ ಹೊರಕ್ಕೆ. ಅನಿಲದ ಮೂತಿಯ ಕೆಳಗೆ ಗೇಣುದ್ದವೂ ಇಲ್ಲದ ಚಿಕ್ಕ ಕೊಳವೆ. ಪಾನೀಯದ ಮೂತಿಯ ಕೆಳಗೆ ತಳ ಮುಟ್ಟುವ ಉದ್ದ ಕೊಳವೆ. ಅನಿಲ ಮೇಲಿನಿಂದ ಒತ್ತುತ್ತದೆ, ಪಾನೀಯ ತಳದಿಂದ ಕೊಳವೆಯೊಳಗೆ ಏರುತ್ತದೆ. ಈ ಎರಡು ಕೊಳವೆಗಳನ್ನು ಅದಲುಬದಲು ಮಾಡಿದರೆ ಏನಾದೀತು? ವಿದ್ಯಾರ್ಥಿಗಳು ಒಂದು ಕ್ಷಣ ಯೋಚಿಸಲಿ. ಅನಿಲ ತಳದಿಂದ ಗುಳ್ಳೆಯಾಗಿ ಮೇಲೆದ್ದು ಚಿಕ್ಕ ಕೊಳವೆಯಿಂದ ಹೊರಗೆ ಹೋಗುತ್ತದೆ, ಪಾನೀಯ ಇದ್ದಲ್ಲೇ ಇರುತ್ತದೆ!

ಮೂತಿಗಳ ಒಳಗೆ ಸ್ಪ್ರಿಂಗ್ ಇರುವ ಪುಟ್ಟ ಕವಾಟಗಳಿವೆ. ಸೋರಿಕೆ ತಡೆಯಲು ಸಾಮಾನ್ಯವಾಗಿ ಐದು ರಬ್ಬರ್ ಬಳೆಗಳು: ಮುಚ್ಚಳಕ್ಕೆ ದೊಡ್ಡದೊಂದು, ಮೂತಿಗಳಿಗೆ ಎರಡು, ಕೊಳವೆಗಳಿಗೆ ಎರಡು. ಹಳೆಯ ಪೀಪಾಯಿ ಮನೆಗೆ ಬಂದಾಗ ಅನುಭವಿಗಳು ಮೊದಲು ಈ ಐದನ್ನೂ ಕಿತ್ತು, ಆಹಾರ ಪದಾರ್ಥಕ್ಕೆ ಒಗ್ಗುವ ಹೊಸ ಬಳೆ ಹಾಕುತ್ತಾರೆ.

ಬಳೆ ಸುಲಭವಾಗಿ ಸಿಗುತ್ತದೆ. ಕಷ್ಟ ಇರುವುದು ಮೂತಿಯಲ್ಲಿ. ಪೆಪ್ಸಿಯವರ ಪೀಪಾಯಿಗಳಿಗೆ ಒಂದು ಬಗೆಯ ಮೂತಿ. ಕೋಕಾ ಕೋಲಾದವರದಕ್ಕೆ ಪಕ್ಕದಲ್ಲಿ ಚಿಕ್ಕ ಕಡ್ಡಿಗಳು ಚಾಚಿಕೊಂಡಿರುವ ಇನ್ನೊಂದು ಬಗೆ. ಅನಿಲದ ಮೂತಿಗೆ ಎರಡು ಕಡ್ಡಿ, ಪಾನೀಯದ ಮೂತಿಗೆ ಮೂರು. ಸಾಲದ್ದಕ್ಕೆ ತಯಾರಕರು ಬದಲಾದಂತೆ ಮೂತಿಯ ತಿರುಪಿನ ಎಳೆಯೂ ಬದಲಾಗುತ್ತದೆ. ನೋಡಲು ಒಂದೇ ಥರ ಕಾಣುವ ಮೂತಿಯನ್ನು ಬಲವಂತವಾಗಿ ತಿರುಗಿಸಿದರೆ ಪೀಪಾಯಿಯ ಎಳೆಯೇ ಸವೆದು, ಮತ್ತಾವ ಮೂತಿಯೂ ಕೂಡದಂತಾಗುತ್ತದೆ. ಆದ್ದರಿಂದ ಪೀಪಾಯಿಯ ಮೇಲೆ ಕೊರೆದ ತಯಾರಕರ ಹೆಸರು, ಮಾದರಿಗಳನ್ನು ಓದಿಕೊಂಡೇ ಅಂಗಡಿಗೆ ಹೋಗಬೇಕು.

ಹತ್ತು ಅಂಗುಲದ ಲೆಕ್ಕ

ಅತ್ಯಂತ ಮುಖ್ಯವಾದ ಭಾಗ ಮುಚ್ಚಳದ ಮೇಲಿನ ಒತ್ತಡ ಬಿಡುವ ಕವಾಟ. ಪಾನೀಯ ಬಡಿಸುವಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 12 ಪೌಂಡ್. ಕಡಿಮೆ ಎನಿಸುತ್ತದೆಯೇ? ಮುಚ್ಚಳದ ವಿಸ್ತೀರ್ಣ ಹತ್ತು ಚದರ ಅಂಗುಲ ಎಂದಿಟ್ಟುಕೊಂಡರೆ ಅದರ ಮೇಲಿನ ಬಲ 120 ಪೌಂಡ್. ಒಂದು ಅಕ್ಕಿ ಮೂಟೆಯ ಭಾರಕ್ಕೆ ಸಮ. ಇನ್ನು ಅನಿಲದ ಸಿಲಿಂಡರಿನೊಳಗೆ, ಸಾಧಾರಣ ಕೋಣೆಯ ಉಷ್ಣತೆಯಲ್ಲಿ, ಚದರ ಅಂಗುಲಕ್ಕೆ ಸುಮಾರು 800 ಪೌಂಡ್ ಒತ್ತಡವಿರುತ್ತದೆ. ಅದನ್ನು ಇಳಿಸುವ ರೆಗ್ಯುಲೇಟರ್ ಕೈಕೊಟ್ಟ ದಿನ ಕಾಪಾಡಬೇಕಾದದ್ದು ಈ ಪುಟ್ಟ ಕವಾಟವೇ. ಅದು ಕಾಣೆಯಾದ ಜಾಗಕ್ಕೆ ಬೋಲ್ಟ್ ಬಿಗಿಯುವವರು ಸೋರಿಕೆ ನಿಲ್ಲಿಸುತ್ತಾರೆ ನಿಜ; ಜೊತೆಗೆ ರಕ್ಷಣೆಯ ಬಾಗಿಲನ್ನೂ ಮುಚ್ಚಿಬಿಡುತ್ತಾರೆ.

ಎಲ್ಲ ಜೋಡಿಸಿದ ಮೇಲೆ ಸ್ವಲ್ಪವೇ ಅನಿಲ ತುಂಬಿ, ಕೂಡುಗಳ ಮೇಲೆಲ್ಲ ಸಾಬೂನು ನೀರು ಸವರುತ್ತಾರೆ. ಗುಳ್ಳೆ ಎದ್ದಲ್ಲಿ ಸೋರಿಕೆ ಇದೆ ಎಂದರ್ಥ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುವ ತಂತ್ರವೇ ಇದು. ಒತ್ತಡ ಪೂರ್ತಿ ಬಿಡದೆ ಯಾವ ಭಾಗವನ್ನೂ ಬಿಚ್ಚುವಂತಿಲ್ಲ.

ರಬ್ಬರ್ ಬಳೆಯ ಬೆಲೆ ಏನೆಂದು ಜಗತ್ತು 1986ರ ಜನವರಿ 28ರಂದು ಕಂಡಿತು. ಕೊರೆಯುವ ಚಳಿಗೆ ಸೆಡೆತ ಬಳೆಗಳು ಬಿಸಿ ಅನಿಲವನ್ನು ತಡೆಯಲಾರದೆ ಚಾಲೆಂಜರ್ ಬಾಹ್ಯಾಕಾಶ ನೌಕೆ ನಾಶವಾಯಿತು; ಏಳು ಯಾತ್ರಿಗಳು ಪ್ರಾಣ ತೆತ್ತರು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ತನಿಖೆಯ ವೇಳೆ ಆ ರಬ್ಬರಿನ ತುಂಡನ್ನು ಮಂಜುನೀರಿನ ಲೋಟದಲ್ಲಿ ಅದ್ದಿ, ಅದು ಪುಟಿಯುವ ಗುಣ ಕಳೆದುಕೊಳ್ಳುವುದನ್ನು ಎಲ್ಲರೆದುರು ತೋರಿಸಿದರು.

ನಮ್ಮ ಅಡುಗೆಮನೆಯಲ್ಲಿ

ಇಷ್ಟೆಲ್ಲ ನಮಗೇಕೆ ಎನ್ನುವಿರಾ? ನಮ್ಮ ಒಲೆಯ ಮೇಲೆಯೂ ಇಂಥದೊಂದು ಪಾತ್ರೆ ದಿನಾ ಕೂಗುತ್ತದೆ. ಕುಕ್ಕರಿನ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡ್. ಬಿಯರ್ ಬಡಿಸುವ ಪೀಪಾಯಿಗಿಂತ ಹೆಚ್ಚು! ಹಾಕಿನ್ಸ್ ಕುಕ್ಕರಿನ ಮುಚ್ಚಳದಂತೆಯೇ ಪೀಪಾಯಿಯ ಮುಚ್ಚಳವೂ ಒಳಗಿನಿಂದ ಕೂಡುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿಯಾಗುತ್ತದೆ. ಗ್ಯಾಸ್ಕೆಟ್ ಎಂದರೆ ದೊಡ್ಡ ರಬ್ಬರ್ ಬಳೆಯೇ. ನೀರು ಬತ್ತಿ ಬಿಸಿ ಮಿತಿ ಮೀರಿದಾಗ ಕರಗಿ ಹಬೆಗೆ ದಾರಿ ಬಿಡುವ ಸೇಫ್ಟಿ ವಾಲ್ವ್, ಪೀಪಾಯಿಯ ಕವಾಟದ ಸೋದರಸಂಬಂಧಿ.

ಓದಲು ಊರು ಬಿಟ್ಟು ಹೊರಟ ಮಕ್ಕಳ ಚೀಲಕ್ಕೆ ಮನೆಯ ಹಳೆಯ ಕುಕ್ಕರ್ ಸೇರಿಸುವ ಮುನ್ನ ತಾಯಿ ತಂದೆಯರು ಒಮ್ಮೆ ಅದರ ಮುಚ್ಚಳ ತಿರುವಿ ನೋಡಲಿ. ಗ್ಯಾಸ್ಕೆಟ್ ಗಡುಸಾಗಿ ಬಿರುಕು ಬಿಟ್ಟಿದೆಯೇ? ವೆಯ್ಟ್ ಅದೇ ಕಂಪನಿಯದೇ? ಹಬೆ ಬರುವ ಕಂಡಿಯಲ್ಲಿ ಬೇಳೆ ಸಿಕ್ಕಿಕೊಂಡಿದೆಯೇ? ಸೇಫ್ಟಿ ವಾಲ್ವಿನ ಜಾಗದಲ್ಲಿ ಯಾರಾದರೂ ಬೋಲ್ಟ್ ಬಿಗಿದಿದ್ದಾರೆಯೇ? ಬದಲಿಸಬೇಕಾದದ್ದನ್ನು ಅದೇ ಕಂಪನಿಯ, ಅದೇ ಅಳತೆಯ ಭಾಗದಿಂದಲೇ ಬದಲಿಸಿ. ಇದನ್ನೆಲ್ಲ ಮಕ್ಕಳ ಕೈಯಲ್ಲೇ ಮಾಡಿಸಿದರೆ ಇನ್ನೂ ಒಳ್ಳೆಯದು. ನಾಳೆ ಬಾಡಿಗೆ ಕೋಣೆಯಲ್ಲಿ ಕುಕ್ಕರ್ ಕೂಗದೆ ಸುಮ್ಮನಾದಾಗ, ಒಲೆ ಆರಿಸಿ ದೂರ ನಿಲ್ಲಬೇಕೆಂಬುದು ಅವರಿಗೆ ತಿಳಿದಿರುತ್ತದೆ.