ಮೋಟಾರ್ ಸೈಕಲ್ಲಿನ ಹ್ಯಾಂಡಲ್ಲೂ ಮುಂಗೈಯ ನೋವೂ

ಹಿರಣ್ಯಕೇಶಿಯ ದಂಡೆಯ ಮೇಲಿರುವ ನಮ್ಮ ಸಂಕೇಶ್ವರವು ಪುಣೆ-ಬೆಂಗಳೂರು ಹೆದ್ದಾರಿಯ ಊರು. ಅತ್ತ ಕೊಲ್ಲಾಪುರ, ಇತ್ತ ಬೆಳಗಾವಿ. ನಾವು ಹೆಚ್ಚು ಕಡಿಮೆ ನಡುವೆ. ಇನ್ನೊಂದು ದಿಕ್ಕಿಗೆ ಹೊರಳಿದರೆ ಹುಕ್ಕೇರಿ, ಘಟಪ್ರಭಾ, ಗೋಕಾಕ, ಮೂಡಲಗಿ. ಸಂತೆಯಿರಲಿ, ಸಾಲೆಯಿರಲಿ, ಸಕ್ಕರೆ ಕಾರ್ಖಾನೆಯ ಕೆಲಸವಿರಲಿ, ಬೀಗರ ಮನೆಯ ಮದುವೆಯಿರಲಿ, ಈ ಸೀಮೆಯ ಗೃಹಸ್ಥರು ಏರಿ ಹೊರಡುವುದು ಮೋಟಾರ್ ಸೈಕಲ್ಲನ್ನೇ. ಹಿರಿಯರು ಅದನ್ನು ‘ಫಟಫಟಿ’ ಎಂದು ಕರೆಯುತ್ತಿದ್ದರು. ಅಂಥ ವಾಹನದ ಹ್ಯಾಂಡಲ್ಲಿನ ವಿಷಯವನ್ನು ಓದುಗ ಬಂಧುಗಳ ಮುಂದಿಡಲು ಈ ಲೇಖಕನಿಗೆ ತನ್ನ ಕೈಬೆರಳುಗಳೇ ಕಾರಣವಾದವು.

ಪ್ರವಚನದ ನಿಮಿತ್ತ ನಾನು ವಾರಕ್ಕೆ ಎರಡು ಮೂರು ಸಲವಾದರೂ ಗೋಕಾಕದ ಕಡೆಗೆ ಹೋಗಿಬರುವವನು. ಮಗನು ಪುಣೆಯ ನೌಕರಿಗೆ ಹೋಗುವಾಗ ತನ್ನ ಗಾಡಿಯನ್ನು ಮನೆಯಲ್ಲಿಯೇ ಬಿಟ್ಟುಹೋದನು. ಹರೆಯದವರಿಗೆಂದು ಮಾಡಿದ ಗಾಡಿ ಅದು; ಹ್ಯಾಂಡಲ್ ಗಿಡ್ಡ, ಮುಂದಕ್ಕೆ ಚಾಚಿಕೊಂಡದ್ದು. ಅದನ್ನು ಹಿಡಿಯಬೇಕಾದರೆ ನಡು ಬಾಗಿಸಿ, ಎದೆಯ ಭಾರವನ್ನೆಲ್ಲ ಅಂಗೈಗಳ ಮೇಲೆ ಊರಬೇಕು. ಒಂದು ತಿಂಗಳೊಳಗೆ ಹೆಗಲು ಬಿಗಿಯಿತು. ಬಳಿಕ ಕಿರುಬೆರಳೂ ಉಂಗುರ ಬೆರಳೂ ಜೋಮು ಹಿಡಿಯತೊಡಗಿದವು. ಪುಸ್ತಕದ ಹಾಳೆ ಮಗುಚಲು ಹೋದರೆ ಎರಡೆರಡು ಹಾಳೆಗಳು ಒಟ್ಟಿಗೆ ಬರುತ್ತಿದ್ದವು. ಅಂಗೈಯ ಬುಡದಲ್ಲಿ, ಕಿರುಬೆರಳಿನ ಮಗ್ಗುಲಿಗೆ, ಒಂದು ನರವು ಹಾದುಹೋಗುತ್ತದೆ, ಬಹಳ ಹೊತ್ತು ಅದರ ಮೇಲೆ ಭಾರ ಬಿದ್ದರೆ ಆ ಎರಡು ಬೆರಳುಗಳೇ ಮರಗಟ್ಟುತ್ತವೆ ಎಂದು ವೈದ್ಯರು ತಿಳಿಸಿದರು. ದೂರದ ದಾರಿ ತುಳಿಯುವ ಸೈಕಲ್ ಸವಾರರಿಗೂ ಇದೇ ಬಾಧೆಯಂತೆ. ಗಾಡಿ ಬಿಡಬೇಕು, ಇಲ್ಲವೆ ಕೂಡ್ರುವ ರೀತಿಯನ್ನು ಬದಲಿಸಬೇಕು ಎಂದರು.

ಹಿಂದಿನ ಗಾಡಿಗಳಲ್ಲಿ ಈ ತೊಂದರೆ ಕಡಿಮೆಯಿತ್ತು. ಮೈಸೂರಿನಲ್ಲಿ 1961ರಲ್ಲಿ ಪ್ರಾರಂಭವಾದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, 1973ರಿಂದ ಅದೇ ಕಾರ್ಖಾನೆ ಹೊರತಂದ ಯೆಜ್ಡಿ, ಇವು ನಮ್ಮ ತಾರುಣ್ಯದ ಕನಸುಗಳು. ಅವುಗಳ ಮೇಲೆ ಕುಳಿತವನು ಕುರ್ಚಿಯಲ್ಲಿ ಕುಳಿತಂತೆ ಬೆನ್ನು ನೆಟ್ಟಗೆ ಮಾಡಿ ಕೂಡ್ರಬಹುದಿತ್ತು. (ಒಂದೇ ಸನ್ನೆಯಿಂದ ಕಿಕ್ ಹೊಡೆದು, ಅದನ್ನೇ ಮುಂದಕ್ಕೆ ಬಾಗಿಸಿ ಗೇರ್ ಹಾಕುವ ಅದರ ಚಮತ್ಕಾರವನ್ನು ಕಂಡವರು ಈಗಲೂ ಮರೆತಿಲ್ಲ.) ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹೊಸ ಗಾಡಿಗಳ ವೇಗ ಹೆಚ್ಚಿದಂತೆ, ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಹಲವುಗಳ ಹ್ಯಾಂಡಲ್ ತಗ್ಗುತ್ತ ಬಂದಿತು.

ಆಸನ, ಕಾಲಿಡುವ ಜಾಗ, ಹ್ಯಾಂಡಲ್ ಈ ಮೂರರ ನಡುವಿನ ಅಂತರವೇ ಸವಾರನ ಸುಖದುಃಖಗಳನ್ನು ನಿರ್ಣಯಿಸುತ್ತದೆ. ಮೊಣಕೈ ತುಸು ಮಡಿಚಿ, ಮಣಿಕಟ್ಟು ನೆಟ್ಟಗಿದ್ದು, ಹೆಗಲು ಸಡಿಲವಾಗಿ ಇಳಿದಿದ್ದರೆ ಅದು ತಕ್ಕ ಭಂಗಿ. ಹ್ಯಾಂಡಲ್ ಒಂದೆರಡು ಅಂಗುಲ ಮೇಲಕ್ಕೆದ್ದು ಅಷ್ಟೇ ಹಿಂದಕ್ಕೆ ಬಂದರೂ ಅಂಗೈಯ ಮೇಲಿನ ಭಾರ ಸಾಕಷ್ಟು ಇಳಿಯುತ್ತದೆ. ಹಾಗೆಂದು ಹೆಗಲಿನ ಮಟ್ಟಕ್ಕೆ ಏರಿಸಿದವರನ್ನೂ ಕಂಡಿದ್ದೇನೆ. ಅವರ ತೋಳುಗಳು ಬೇಗನೆ ಸೋಲುತ್ತವೆ; ಹೆದ್ದಾರಿಯಲ್ಲಿ ಗಾಳಿಯೆಲ್ಲ ಎದೆಗೆ ಬಡಿಯುತ್ತದೆ; ದೇಹದ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿ ಹಗುರಾಗುತ್ತದೆ; ತಗ್ಗುದಿಣ್ಣೆಯ ಪೆಟ್ಟು ನೇರವಾಗಿ ಬೆನ್ನುಹುರಿಗೆ ತಾಗುತ್ತದೆ.

ಇಷ್ಟನ್ನು ನಾನು ತಿಳಿದದ್ದು ತಡವಾಗಿ. ಮೊದಲು ಒಂದು ಗ್ಯಾರೇಜಿಗೆ ಹೋಗಿ, “ಎತ್ತರದ ಹ್ಯಾಂಡಲ್ ಹಾಕಿರಪ್ಪಾ” ಎಂದಷ್ಟೇ ಹೇಳಿದೆ. ಅವರು ಅರ್ಧ ತಾಸಿನಲ್ಲಿ ಹಾಕಿಯೂ ಕೊಟ್ಟರು. ಬೆನ್ನು ನೆಟ್ಟಗಾಯಿತು, ಮನಸ್ಸೂ ಹಿಗ್ಗಿತು. ಮೂರನೆಯ ದಿನ ಹುಕ್ಕೇರಿ ದಾಟಿದ ಮೇಲೆ ಒಂದು ಹಳ್ಳಿಯ ಹತ್ತಿರ ಗಾಡಿಯನ್ನು ಹಿಂದಕ್ಕೆ ಹೊರಳಿಸಬೇಕಾಗಿ ಬಂದಿತು. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸಿದೆನೋ ಇಲ್ಲವೋ, ನಾನು ಮುಟ್ಟದೆಯೇ ಎಂಜಿನ್ ಅಬ್ಬರಿಸಿ ಗಾಡಿ ಮುಂದಕ್ಕೆ ಹಾರಿತು. ಎದುರಿಗೆ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರ್. ಕ್ಲಚ್ ಹಿಡಿದೆ, ಗಟಾರದ ಬದಿಯ ಮಣ್ಣಿಗೆ ಗಾಡಿಯನ್ನು ನುಗ್ಗಿಸಿದೆ, ಬಿದ್ದೆ. ಮೊಣಕಾಲು ತರಚಿತು, ಅಷ್ಟೇ. ಟ್ರ್ಯಾಕ್ಟರಿನ ಚಾಲಕ ಇಳಿದು ಬಂದು ಎಬ್ಬಿಸಿದನು. ಅಂದು ಹಿಂದಿನ ಸೀಟಿನ ಮೇಲೆ ಮೊಮ್ಮಗಳು ಇರಲಿಲ್ಲ. ಹಿಂದಿನ ದಿನ ಇದ್ದಳು.

ಘಟಪ್ರಭೆಯ ಹಿರಿಯ ಮಿಸ್ತ್ರಿಯೊಬ್ಬರು ಗಾಡಿಯನ್ನು ನೋಡಿದೊಡನೆಯೇ ಕಾರಣ ಹೇಳಿದರು. “ಗುರುಗಳ, ಹ್ಯಾಂಡಲ್ ಎತ್ತರ ಆತು, ಕೇಬಲ್ ಹಳೇದ ಐತಿ. ಹೊಳ್ಳಿಸಿದಾಗ ಅದು ಜಗ್ಗತೈತಿ, ರೇಸ್ ತಾನ ಏರತೈತ್ರಿ.” ಬಿಗಿಯಾದ ಎಕ್ಸಲೇಟರ್ ಕೇಬಲ್ಲು ಎಂಜಿನ್ನನ್ನು ಕೆರಳಿಸಿತ್ತು. ಕ್ಲಚ್ ಕೇಬಲ್ಲು ಹೀಗೆ ಬಿಗಿದರೆ ಕ್ಲಚ್ ಜಾರುತ್ತದೆ. ಮುಂದಿನ ಡಿಸ್ಕ್ ಬ್ರೇಕಿನ ಎಣ್ಣೆಯ ಕೊಳವೆಯೂ ತಂತಿಯಂತೆ ಸೆಟೆದಿತ್ತು. ಅದು ಹರಿದಿದ್ದರೆ ಮುಂದಿನ ಬ್ರೇಕೇ ಇಲ್ಲ! ಹ್ಯಾಂಡಲ್ಲೆಂದರೆ ಒಂದು ಕೊಳವೆಯಷ್ಟೇ ಎಂದು ತಿಳಿದದ್ದು ನನ್ನ ತಪ್ಪು.

ಅವರು ಕೆಲಸ ಮಾಡಿದ ಕ್ರಮವನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಆ ಹ್ಯಾಂಡಲ್ಲನ್ನು ತೆಗೆದುಹಾಕಿ, ಹಳೆಯದಕ್ಕಿಂತ ಎರಡು ಅಂಗುಲ ಮಾತ್ರ ಎತ್ತರವಾಗಿದ್ದ ಇನ್ನೊಂದನ್ನು ಆರಿಸಿದರು. ಹಿಡಿಯುವಲ್ಲಿ ಕೊಳವೆಯ ದಪ್ಪ ಹೆಚ್ಚಿನ ಗಾಡಿಗಳಲ್ಲಿ 22 ಮಿಲಿಮೀಟರ್ ಇರುತ್ತದೆ. ನಡುವೆ ಕ್ಲಾಂಪು ಕಚ್ಚುವಲ್ಲಿ ಮಾತ್ರ ಅಳತೆ ಬೇರೆ ಬೇರೆ. ಅದನ್ನು ಅಳೆಯದೆ ಕೊಂಡು, ನಡುವೆ ತಗಡಿನ ತುಂಡು ತುರುಕಿ ಬಿಗಿಸುವುದು ಬಲು ಅಪಾಯ ಎಂದರು. ಉದ್ದದ ಕೇಬಲ್ಲುಗಳನ್ನೂ ಬ್ರೇಕಿನ ಕೊಳವೆಯನ್ನೂ ಕೊಲ್ಲಾಪುರದಿಂದ ತರಿಸಬೇಕಾಯಿತು. ಕೊಳವೆ ಬದಲಿಸಿದ ಮೇಲೆ ಒಳಗಿನ ಗಾಳಿಯ ಗುಳ್ಳೆಗಳನ್ನು ಪೂರ್ತಿ ಹೊರತೆಗೆದು, ಸನ್ನೆ ಗಟ್ಟಿಯಾಗಿ ನಿಲ್ಲುವವರೆಗೆ ಎಣ್ಣೆ ತುಂಬಿದರು. ಆ ಎಣ್ಣೆ ಬಣ್ಣವನ್ನು ತಿನ್ನುವುದರಿಂದ ಪೆಟ್ರೋಲ್ ಟಾಕಿಗೆ ಮೊದಲೇ ಬಟ್ಟೆ ಹೊದಿಸಿದ್ದರು. ಕೊನೆಗೆ ಗಾಡಿಯನ್ನು ನಿಲ್ಲಿಸಿಯೇ ಚಾಲೂ ಮಾಡಿ, ಹ್ಯಾಂಡಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೊರಳಿಸಿದರು. ಎಂಜಿನ್ನಿನ ಸಪ್ಪಳ ಬದಲಾಗಬಾರದು, ಯಾವ ಕೇಬಲ್ಲೂ ಜಗ್ಗಬಾರದು, ಸಿಕ್ಕಬಾರದು, ಹಿಡಿಕೆ ಟಾಕಿಗೆ ತಾಗಿ ಬೆರಳು ಚಪ್ಪಟೆಯಾಗಬಾರದು. ಯಾರ ಗಾಡಿಗೆ ಹ್ಯಾಂಡಲ್ ಬದಲಿಸಿದ್ದರೂ ಈ ಒಂದು ಪರೀಕ್ಷೆಯನ್ನು ಮಾಡಿಸದೆ ರಸ್ತೆಗಿಳಿಯಬಾರದೆಂದು ನನ್ನ ವಿನಂತಿ. ವಾರದ ನಂತರ ಮರಳಿ ಬರಹೇಳಿ ಬೋಲ್ಟುಗಳನ್ನು ಇನ್ನೊಮ್ಮೆ ಪಾನಾ ಹಚ್ಚಿ ನೋಡಿದರು.

ಖರ್ಚಿಗೆ ಮುನ್ನ ಮಾಡಬಹುದಾದದ್ದೂ ಉಂಟು. ಹಲವು ಗಾಡಿಗಳಲ್ಲಿ ಕ್ಲಾಂಪು ಸಡಿಲಿಸಿ ಇದ್ದ ಹ್ಯಾಂಡಲ್ಲನ್ನೇ ತುಸು ಹಿಂದಕ್ಕೆ ಹೊರಳಿಸಬಹುದು. ಕ್ಲಚ್ ಮತ್ತು ಬ್ರೇಕಿನ ಸನ್ನೆಗಳನ್ನು ಮುಂಗೈಯ ನೇರಕ್ಕೆ ಬರುವಂತೆ ತುಸು ಇಳಿಸಬಹುದು. ಕೆಲವರಿಗೆ ಇಷ್ಟರಿಂದಲೇ ಗುಣ ಕಾಣುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದ್ದರಿಂದ ಏನು ಬದಲಿಸುವುದಿದ್ದರೂ ಆರ್‌ಟಿಓ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಈಗ ಗೋಕಾಕದವರೆಗೆ ಹೋಗಿ ಬಂದರೂ ಹೆಗಲು ಬಿಗಿಯುವುದಿಲ್ಲ. ಉಂಗುರ ಬೆರಳಿನ ಜೋಮು ಹೋಗಿದೆ, ಕಿರುಬೆರಳಿನದು ತುಸು ಉಳಿದಿದೆ. ಹಳೆಯ ಹ್ಯಾಂಡಲ್ಲನ್ನು ಅದರ ಕೇಬಲ್ಲುಗಳ ಸಮೇತ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ದೀಪಾವಳಿಗೆ ಬರುವ ಮಗನಿಗೆ ಅದೇ ಬೇಕೆನಿಸಿದರೆ ಘಟಪ್ರಭೆಯ ಮಿಸ್ತ್ರಿಯ ಬಳಿಗೇ ಒಯ್ಯತಕ್ಕದ್ದೆಂದು ಅವನಿಗೆ ಫೋನಿನಲ್ಲಿ ತಿಳಿಸಿದ್ದಾಗಿದೆ.