ಲಿನಕ್ಸ್ ಸರ್ವರಿಗೆ ಡೆಸ್ಕ್‌ಟಾಪ್ ಅಗತ್ಯವೆ?

ಅಂಗಡಿಯ ಅಥವಾ ಕಾರ್ಖಾನೆಯ ನಾಲ್ಕಾರು ಗಣಕಯಂತ್ರಗಳು ಲೆಕ್ಕದ ಕಡತಗಳನ್ನು ಒಂದೇ ಕಡೆ ಇರಿಸಬೇಕಾದಾಗ ಸರ್ವರ್ ಬೇಕಾಗುತ್ತದೆ. ಪರವಾನಗಿ ಶುಲ್ಕವಿಲ್ಲದೆ ದೊರೆಯುವ ಕಾರಣ ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್ ವ್ಯವಸ್ಥೆಗಳನ್ನು ಇದಕ್ಕಾಗಿ ಆರಿಸಿಕೊಳ್ಳುವವರಿದ್ದಾರೆ. ಆಗ ತಂತ್ರಜ್ಞರು ಕೇಳುವ ಮೊದಲ ಪ್ರಶ್ನೆ, ‘ಡೆಸ್ಕ್‌ಟಾಪ್ ಬೇಕೆ, ಬೇಡವೆ?’ ಎಂಬುದು. ಉತ್ತರಿಸುವ ಮುನ್ನ ಮಾಲೀಕರು ಕೆಲವು ಅಂಶಗಳನ್ನು ತಿಳಿದಿರುವುದು ಒಳಿತು.

ಐಕಾನ್, ಕಿಟಕಿ, ಮೌಸ್ ಇವುಗಳಿಂದ ಕೂಡಿದ ಪರದೆಯೇ ಡೆಸ್ಕ್‌ಟಾಪ್. ಲಿನಕ್ಸಿನಲ್ಲಿ ಇದು ಮೂಲ ವ್ಯವಸ್ಥೆಯ ಮೇಲೆ ಬೇಕಿದ್ದರೆ ಸೇರಿಸಿಕೊಳ್ಳುವ ಪ್ರತ್ಯೇಕ ತಂತ್ರಾಂಶ. ಇದಿಲ್ಲದಿದ್ದರೂ ಕಡತ ಹಂಚಿಕೆ, ಮುದ್ರಣ, ಬ್ಯಾಕಪ್ ಎಲ್ಲವೂ ನಡೆಯುತ್ತವೆ. ಸಾಂಬಾ ಎಂಬ ತಂತ್ರಾಂಶದ ಮೂಲಕ ಗುಮಾಸ್ತರು ತಮ್ಮ ವಿಂಡೋಸ್ ಯಂತ್ರದಿಂದಲೇ ಸರ್ವರಿನ ಫೋಲ್ಡರ್ ತೆರೆಯುತ್ತಾರೆ. ಸರ್ವರಿನಲ್ಲಿ ಡೆಸ್ಕ್‌ಟಾಪ್ ಇದೆಯೋ ಇಲ್ಲವೋ ಎಂಬುದು ಅವರಿಗೆ ತಿಳಿಯುವುದೂ ಇಲ್ಲ. ಉಬುಂಟುವಿನ ಸರ್ವರ್ ಆವೃತ್ತಿ ಡೆಸ್ಕ್‌ಟಾಪ್ ಇಲ್ಲದೆಯೇ ಬರುತ್ತದೆ.

ಇನ್ನು ವೆಚ್ಚದ ಮಾತು. ಡೆಸ್ಕ್‌ಟಾಪ್ ಸೇರಿಸಿದರೆ ಮೆಮರಿಯೂ ಡಿಸ್ಕಿನ ಜಾಗವೂ ಹೆಚ್ಚು ಬೇಕಾಗುತ್ತವೆ. ಕಾಲಕಾಲಕ್ಕೆ ನವೀಕರಿಸಬೇಕಾದ ತಂತ್ರಾಂಶಗಳೂ, ಅವುಗಳೊಡನೆ ಭದ್ರತೆಯ ಲೋಪಗಳಿಗೆ ಅವಕಾಶವೂ ಹೆಚ್ಚುತ್ತವೆ. ಹೊಸ ಯಂತ್ರದಲ್ಲಿ 16 ಜಿಬಿ ಮೆಮರಿ ಇದ್ದರೆ ಮೊದಲನೆಯದು ದೊಡ್ಡ ಹೊರೆಯಲ್ಲ. ನನ್ನ ಅನುಭವದಲ್ಲಿ ನಿಜವಾದ ವೆಚ್ಚ ಬೇರೆಯೇ ಇದೆ.

ನನ್ನ ಕಕ್ಷಿದಾರರೊಬ್ಬರ ಕಚೇರಿಯಲ್ಲಿ ಸರ್ವರಿಗೆ ಡೆಸ್ಕ್‌ಟಾಪ್ ಇತ್ತು. ಜಿಎಸ್‌ಟಿ ವಿವರಪಟ್ಟಿ ಸಲ್ಲಿಸುವ ಒತ್ತಡದಲ್ಲಿ ಗುಮಾಸ್ತರೊಬ್ಬರು ಅದರ ಮುಂದೆಯೇ ಕುಳಿತು ಕೆಲಸ ಮಾಡಲಾರಂಭಿಸಿದರು. ಸಂಜೆ ಹೊರಡುವಾಗ ಉಳಿದ ಯಂತ್ರಗಳಂತೆ ಅದನ್ನೂ ಬಂದ್ ಮಾಡಿ, ಬೆಳಿಗ್ಗೆ ಮತ್ತೆ ಚಾಲೂ ಮಾಡುತ್ತಿದ್ದರು. ಬ್ಯಾಕಪ್ ನಿಗದಿಯಾಗಿದ್ದುದು ರಾತ್ರಿಗೆ. ಹದಿನೇಳು ರಾತ್ರಿ ಅದು ನಡೆಯಲಿಲ್ಲ. ಹಗಲಿನ ಕೆಲಸ ಸುಗಮವಾಗಿದ್ದುದರಿಂದ ಯಾರ ಗಮನಕ್ಕೂ ಬರಲಿಲ್ಲ. ಡಿಸ್ಕ್ ಕೆಟ್ಟ ದಿನ ಅಷ್ಟೂ ದಿನಗಳ ವೋಚರುಗಳನ್ನು ಮತ್ತೆ ನಮೂದಿಸಬೇಕಾಯಿತು.

ಇದು ಕೇವಲ ಅನನುಕೂಲದ ವಿಷಯವಲ್ಲ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಪಟ್ಟಿಯ ಕಡೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕು. ಕಂಪನಿಗಳಾದರೆ, 2022ರಲ್ಲಿ ತಿದ್ದುಪಡಿಯಾದ ಲೆಕ್ಕಪತ್ರ ನಿಯಮಗಳ ಪ್ರಕಾರ, ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನವೂ ಇರಿಸಬೇಕು.

ಹಾಗೆಂದು ಡೆಸ್ಕ್‌ಟಾಪ್ ಎಂದಿಗೂ ಬೇಡವೆನ್ನಲಾಗದು. ಆದೇಶಗಳನ್ನು ಬೆರಳಚ್ಚಿಸಬಲ್ಲವರು ಊರಿನಲ್ಲೇ ಇಲ್ಲದಿದ್ದರೆ, ಯಾರೂ ಮುಟ್ಟಲು ಹೆದರುವ ಸರ್ವರಿನಿಂದಲೂ ಅಪಾಯ ಅಷ್ಟೇ ಇದೆ. ಇದಕ್ಕೊಂದು ಮಧ್ಯಮಾರ್ಗವಿದೆ. ಕಾಕ್‌ಪಿಟ್ ಅಥವಾ ವೆಬ್‌ಮಿನ್ ಎಂಬ ತಂತ್ರಾಂಶವನ್ನು ಅಳವಡಿಸಿದರೆ ಮಾಲೀಕರು ತಮ್ಮ ಮೇಜಿನ ಯಂತ್ರದ ಬ್ರೌಸರಿನಲ್ಲೇ ಸರ್ವರಿನ ಸ್ಥಿತಿಗತಿ, ಡಿಸ್ಕಿನಲ್ಲಿ ಉಳಿದಿರುವ ಜಾಗ ಇತ್ಯಾದಿಗಳನ್ನು ನೋಡಬಹುದು. ಈ ಸೌಲಭ್ಯವನ್ನು ಕಚೇರಿಯ ಜಾಲಕ್ಕೆ ಸೀಮಿತಗೊಳಿಸಬೇಕು, ಅಂತರಜಾಲಕ್ಕೆ ತೆರೆದಿಡಬಾರದು.

ತೀರ್ಮಾನಿಸುವ ಮುನ್ನ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿರಿ:

1. ಸರ್ವರಿನ ಮುಂದೆಯೇ ಕುಳಿತು ಮಾಡಬೇಕಾದ ಕೆಲಸ ಯಾವುದಾದರೂ ಇದೆಯೆ? ಇಲ್ಲವಾದರೆ ಡೆಸ್ಕ್‌ಟಾಪ್ ಬೇಡ.

2. ತಂತ್ರಜ್ಞರು ದೂರದಿಂದಲೇ ಎಸ್‌ಎಸ್‌ಎಚ್ ಮೂಲಕ ನಿರ್ವಹಿಸಬಲ್ಲರೆ? ಹಾಗಿದ್ದರೂ ಬೇಡ.

3. ಎಂದೋ ಒಮ್ಮೆ ಮಾತ್ರ ಬೇಕಾಗಬಹುದೆ? ಡೆಸ್ಕ್‌ಟಾಪ್ ಅಳವಡಿಸಿದರೂ ಯಂತ್ರ ಆರಂಭವಾದಾಗ ತಾನಾಗಿ ತೆರೆಯದಂತೆ ನಿಗದಿಪಡಿಸಲು ಹೇಳಿರಿ.

4. ನಿಮ್ಮ ಲೆಕ್ಕದ ತಂತ್ರಾಂಶ ಸರ್ವರಿನಲ್ಲಿಯೇ, ಅದೂ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದೆ? ಹಾಗಿದ್ದರೆ ಲಿನಕ್ಸಿನ ಆಯ್ಕೆಯನ್ನೇ ಮರುಪರಿಶೀಲಿಸಬೇಕು.

ಯಾವುದನ್ನೇ ಆರಿಸಿದರೂ ಪಾಸ್‌ವರ್ಡ್ ಒಂದು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರ ಬಳಿ ಇರಲಿ. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಕಡತವನ್ನು ಹೊರತೆಗೆದು, ಅದು ತೆರೆಯುತ್ತದೆಯೇ ಎಂದು ತಾವೇ ನೋಡುವುದನ್ನು ರೂಢಿಸಿಕೊಳ್ಳಿರಿ.